ಸ್ತನ ಪುನರ್‌ರಚನಾ ಶಸ್ತ್ರಚಿಕಿತ್ಸೆಯ ನಂತರ ದ್ರವ ಶೇಖರಣೆ (ಸೆರೋಮಾ): ಕಾರಣಗಳು ಮತ್ತು ತಡೆಗಟ್ಟುವ ಕ್ರಮಗಳು

ಸ್ತನ ಕ್ಯಾನ್ಸರ್‌ನ ಕಾರಣದಿಂದ ಸ್ತನವನ್ನು ತೆಗೆದಾಗ, ಅದೇ ವೇಳೆಯಲ್ಲಿ ಅಥವಾ ಇತರ ಚಿಕಿತ್ಸೆಗಳು ಪೂರ್ಣಗೊಂಡ ನಂತರ, ಸ್ತನದ ಆಕಾರವನ್ನು ಮರಳಿ ರೂಪಿಸುವ ಶಸ್ತ್ರಚಿಕಿತ್ಸೆಗೆ ಸ್ತನ ಪುನರ್‌ರಚನೆ ಎಂದು ಹೆಸರು. ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅತಿ ಸಾಮಾನ್ಯವಾಗಿ ಕಂಡುಬರುವ ತೊಂದರೆಯೆಂದರೆ ಗಾಯದ ಒಳಗೆ ತಿಳಿ ಹಳದಿ ಬಣ್ಣದ ದ್ರವ ತುಂಬಿಕೊಳ್ಳುವುದು. ವೈದ್ಯರು ಇದನ್ನು ಸೆರೋಮಾ ಎನ್ನುತ್ತಾರೆ. ರೋಗಿಗಳ ಮನೆಯವರು ಸಾಮಾನ್ಯವಾಗಿ 'ಗಾಯದಲ್ಲಿ ನೀರು ತುಂಬಿದೆ' ಎನ್ನುತ್ತಾರೆ.

ಸೆರೋಮಾ ತಾನಾಗಿಯೇ ಪ್ರಾಣಾಪಾಯಕಾರಿಯಲ್ಲ. ಸಣ್ಣ ಪ್ರಮಾಣದ ದ್ರವವು ಕೆಲವು ವಾರಗಳಲ್ಲಿ ದೇಹದಲ್ಲಿಯೇ ಹೀರಿಕೊಳ್ಳಲ್ಪಡುತ್ತದೆ. ಆದರೆ ದೊಡ್ಡ ಪ್ರಮಾಣದಲ್ಲಿ ತುಂಬಿದ ದ್ರವವು ಹೊಲಿಗೆಯ ಮೇಲೆ ಒತ್ತಡ ತರುತ್ತದೆ, ಚರ್ಮವು ಒಳಭಾಗಕ್ಕೆ ಅಂಟಿಕೊಳ್ಳದಂತೆ ಮಾಡುತ್ತದೆ ಮತ್ತು ಸೋಂಕಿಗೆ ಎಡೆಮಾಡಿಕೊಡುತ್ತದೆ. ಒಳಗೆ ಕೃತಕ ಇಂಪ್ಲಾಂಟ್ ಇಟ್ಟಿರುವಲ್ಲಿ ಸೋಂಕು ತಗುಲಿದರೆ ಅದನ್ನು ಹೊರತೆಗೆಯಬೇಕಾಗಿ ಬರಬಹುದು. ಇದಕ್ಕಿಂತ ಗಂಭೀರವಾದ ವಿಷಯ ಮತ್ತೊಂದಿದೆ. ಗಾಯ ಮಾಯದಿದ್ದಲ್ಲಿ ಮುಂದಿನ ಕೀಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆಯನ್ನು ಮುಂದೂಡಬೇಕಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕ್ಯಾನ್ಸರ್ ನೋಂದಣಿ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾಗಿ 90 ದಿನಗಳಿಗಿಂತ ತಡವಾಗಿ ಕೀಮೋಥೆರಪಿ ಪ್ರಾರಂಭಿಸಿದವರಲ್ಲಿ ಬದುಕುಳಿಯುವ ಪ್ರಮಾಣ ಕಡಿಮೆಯಾಗಿರುವುದು ಕಂಡುಬಂದಿದೆ. ಆದುದರಿಂದ ಸೆರೋಮಾ ತಡೆಗಟ್ಟುವ ಕ್ರಮಗಳನ್ನು ಕೇವಲ ಗಾಯದ ಆರೈಕೆಯೆಂದು ಭಾವಿಸದೆ ಕ್ಯಾನ್ಸರ್ ಚಿಕಿತ್ಸೆಯ ಭಾಗವೆಂದೇ ಪರಿಗಣಿಸುವುದು ಸೂಕ್ತ.

ಈ ಕ್ರಮಗಳಲ್ಲಿ ಅರ್ಧದಷ್ಟು ಶಸ್ತ್ರಚಿಕಿತ್ಸಕರ ಕೈಯಲ್ಲಿವೆ. ಉಳಿದವು ರೋಗಿಯು ಮನೆಗೆ ತೆರಳಿದ ನಂತರದ ಎರಡು ಮೂರು ವಾರಗಳಲ್ಲಿ ಮನೆಯವರ ಕೈಯಲ್ಲಿವೆ. ಈ ಪುಟದಲ್ಲಿ ಮುಖ್ಯವಾಗಿ ಎರಡನೆಯದನ್ನು ಕುರಿತು ಮಾಹಿತಿ ನೀಡಲಾಗಿದೆ.

ದ್ರವ ಏಕೆ ಶೇಖರವಾಗುತ್ತದೆ?

ಸ್ತನದ ಅಂಗಾಂಶವನ್ನು ತೆಗೆದಾಗ ಚರ್ಮಕ್ಕೂ ಎದೆಯ ಸ್ನಾಯುವಿಗೂ ನಡುವೆ ಒಂದು ಟೊಳ್ಳು ಉಂಟಾಗುತ್ತದೆ. ಅಲ್ಲಿದ್ದ ಸೂಕ್ಷ್ಮ ರಕ್ತನಾಳಗಳು ಮತ್ತು ದುಗ್ಧರಸ ನಾಳಗಳು ಕತ್ತರಿಸಲ್ಪಟ್ಟಿರುತ್ತವೆ. ರಕ್ತನಾಳಗಳು ಬೇಗನೆ ಮುಚ್ಚಿಕೊಳ್ಳುತ್ತವೆ. ದುಗ್ಧರಸ ನಾಳಗಳಿಂದ ಒಸರುವಿಕೆ ಕೆಲವು ದಿನಗಳ ಕಾಲ ಮುಂದುವರಿಯುತ್ತದೆ. ಇದರೊಂದಿಗೆ, ಗಾಯ ಮಾಯುವ ಕ್ರಿಯೆಯಲ್ಲಿ ದೇಹವು ಸಹಜವಾಗಿ ಹೊರಸೂಸುವ ದ್ರವವೂ ಸೇರಿಕೊಳ್ಳುತ್ತದೆ. ಚರ್ಮವು ಒಳಭಾಗಕ್ಕೆ ಅಂಟಿಕೊಂಡು ಟೊಳ್ಳು ಮುಚ್ಚಿಹೋದರೆ ಒಸರುವಿಕೆ ನಿಲ್ಲುತ್ತದೆ. ಎರಡು ಪದರಗಳು ಒಂದರ ಮೇಲೊಂದು ಜಾರುತ್ತಲೇ ಇದ್ದರೆ ಅಂಟಿಕೊಳ್ಳುವುದಿಲ್ಲ, ದ್ರವವೂ ನಿಲ್ಲುವುದಿಲ್ಲ. ಮುಂದೆ ತಿಳಿಸಿರುವ ಬಹುತೇಕ ಸೂಚನೆಗಳ ಹಿಂದಿರುವ ಕಾರಣ ಇದೊಂದೇ ಆಗಿದೆ.

ಪುನರ್‌ರಚನೆಯಲ್ಲಿ ಈ ಟೊಳ್ಳು ಒಂದೇ ಕಡೆ ಇರುವುದಿಲ್ಲ. ಬೆನ್ನಿನ ಅಗಲವಾದ ಸ್ನಾಯುವನ್ನು (ಲ್ಯಾಟಿಸಿಮಸ್ ಡಾರ್ಸೈ) ಚರ್ಮದ ಸಮೇತ ಕಂಕುಳಿನ ಮಾರ್ಗವಾಗಿ ಎದೆಗೆ ತಿರುಗಿಸುವ ವಿಧಾನವನ್ನು ಇಟಲಿಯ ಶಸ್ತ್ರಚಿಕಿತ್ಸಕ ಇಜಿನಿಯೋ ಟಾನ್ಸಿನಿ 1906ರಲ್ಲಿಯೇ ವಿವರಿಸಿದ್ದರು. ಸೂಕ್ಷ್ಮದರ್ಶಕದ ನೆರವಿನಿಂದ ರಕ್ತನಾಳಗಳನ್ನು ಜೋಡಿಸುವ ಅಗತ್ಯ ಇಲ್ಲದಿರುವುದರಿಂದ ಇದು ಇಂದಿಗೂ ಬಳಕೆಯಲ್ಲಿದೆ. ಈ ವಿಧಾನದಲ್ಲಿ ಎದೆ, ಕಂಕುಳು ಮತ್ತು ಬೆನ್ನು ಈ ಮೂರೂ ಕಡೆ ದ್ರವ ಒಸರುತ್ತದೆ. ಬೆನ್ನಿನಲ್ಲಿ ದ್ರವ ತುಂಬುವುದು ಎಷ್ಟು ಸಾಮಾನ್ಯವೆಂದರೆ ಹಲವು ಶಸ್ತ್ರಚಿಕಿತ್ಸಕರು ಅದನ್ನು ನಿರೀಕ್ಷಿತವೆಂದೇ ಮೊದಲೇ ತಿಳಿಸುತ್ತಾರೆ. ಕೆಳಹೊಟ್ಟೆಯ ಅಂಗಾಂಶವನ್ನು ಬಳಸಿದಲ್ಲಿ ಹೊಟ್ಟೆಯ ಗಾಯದಲ್ಲಿ, ಇಂಪ್ಲಾಂಟ್ ಅಥವಾ ಹಿಗ್ಗಿಸುವ ಚೀಲ (ಎಕ್ಸ್‌ಪ್ಯಾಂಡರ್) ಇಟ್ಟಲ್ಲಿ ಅದರ ಸುತ್ತಲೂ ದ್ರವ ಶೇಖರವಾಗಬಹುದು. ಇಂಪ್ಲಾಂಟ್‌ಗೆ ಆಧಾರವಾಗಿ ಜೈವಿಕ ಜಾಲರಿಯನ್ನು ಬಳಸಿದಾಗ ಈ ಸಾಧ್ಯತೆ ಹೆಚ್ಚು.

ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ಪೂರ್ಣವಾಗಿ ತೆಗೆದವರಲ್ಲಿ, ದೇಹತೂಕ ಹೆಚ್ಚಿರುವವರಲ್ಲಿ ಮತ್ತು ಸ್ತನದ ಗಾತ್ರ ದೊಡ್ಡದಿದ್ದವರಲ್ಲಿ ಸೆರೋಮಾ ಹೆಚ್ಚಾಗಿ ಕಂಡುಬರುತ್ತದೆ. ಕೆಲವೇ ಗ್ರಂಥಿಗಳನ್ನು ತೆಗೆದು ಪರೀಕ್ಷಿಸುವ ಸೆಂಟಿನೆಲ್ ಗ್ರಂಥಿ ಪರೀಕ್ಷೆ ಸಾಕಾಗುವಂತಿದ್ದರೆ ಅಪಾಯ ಗಣನೀಯವಾಗಿ ಕಡಿಮೆಯಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು

ತಂಬಾಕು ಗಾಯದ ಪರಮ ವೈರಿ. ಬೀಡಿ, ಸಿಗರೇಟು ಮಾತ್ರವಲ್ಲದೆ ಎಲೆ ಅಡಿಕೆಯೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪು ಮತ್ತು ನಶ್ಯಪುಡಿಯಿಂದಲೂ ನಿಕೋಟಿನ್ ರಕ್ತಕ್ಕೆ ಸೇರಿ ಸೂಕ್ಷ್ಮ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ 4 ವಾರಗಳ ಮೊದಲು ಇವನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು. ಹೊಗೆಸೊಪ್ಪಿನ ಅಭ್ಯಾಸವನ್ನು ಸಂಕೋಚದಿಂದ ವೈದ್ಯರಿಗೆ ತಿಳಿಸದೆ ಇರುವುದು ಹಿರಿಯ ಮಹಿಳೆಯರಲ್ಲಿ ಸಾಮಾನ್ಯ. ಹೀಗೆ ಮುಚ್ಚಿಡುವುದರಿಂದ ನಷ್ಟ ರೋಗಿಗೇ ಆಗುತ್ತದೆ.

ಮಧುಮೇಹವಿದ್ದಲ್ಲಿ ರಕ್ತದ ಸಕ್ಕರೆ ಅಂಶವನ್ನು ಹತೋಟಿಗೆ ತಂದುಕೊಳ್ಳಬೇಕು. ಹೃದಯದ ತೊಂದರೆಗಾಗಿ ರಕ್ತ ತೆಳುಮಾಡುವ ಗುಳಿಗೆಗಳನ್ನು ಸೇವಿಸುತ್ತಿರುವವರು ಮತ್ತು ನಾಟಿ ಔಷಧಿ ತೆಗೆದುಕೊಳ್ಳುತ್ತಿರುವವರು ಅವುಗಳ ಚೀಟಿ ಅಥವಾ ಪೊಟ್ಟಣವನ್ನೇ ತಂದು ತೋರಿಸುವುದು ಒಳ್ಳೆಯದು. ಗುಳಿಗೆಗಳನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ

ಶಸ್ತ್ರಚಿಕಿತ್ಸಕರು ಚರ್ಮದ ಒಳಪದರವನ್ನು ಕೆಳಗಿನ ಸ್ನಾಯುವಿಗೆ ಅಲ್ಲಲ್ಲಿ ಹೊಲಿದು ಟೊಳ್ಳನ್ನು ಮುಚ್ಚಬಹುದು. ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿದು ಕೌದಿ ಮಾಡುವಂತೆಯೇ ಇದು. ಕೌದಿಯ ಪದರಗಳು ಹೇಗೆ ಜಾರುವುದಿಲ್ಲವೋ ಹಾಗೆಯೇ ಇಲ್ಲಿಯೂ ಪದರಗಳು ಸ್ಥಿರವಾಗುತ್ತವೆ. ಬೆನ್ನಿನ ಗಾಯದಲ್ಲಿ ಇಂತಹ ಹೊಲಿಗೆಗಳಿಂದ ದ್ರವದ ಪ್ರಮಾಣ ಇಳಿಯುತ್ತದೆ ಎಂಬುದಕ್ಕೆ ಉತ್ತಮ ಆಧಾರಗಳಿವೆ. ಸ್ತನವನ್ನು ಮಾತ್ರ ತೆಗೆದವರಲ್ಲಿಯೂ ಇದು ಉಪಯುಕ್ತವೆಂದು ನೆದರ್ಲೆಂಡ್ಸ್‌ನ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದಿಂದ ತಿಳಿದುಬಂದಿದೆ. ವಿದ್ಯುತ್ ಶಾಖದಿಂದ ಕತ್ತರಿಸುವ ಉಪಕರಣದ ಬಳಕೆ ಹೆಚ್ಚಾದಷ್ಟೂ ಒಸರುವಿಕೆ ಹೆಚ್ಚುವ ಸಂಭವವಿರುವುದರಿಂದ ಅದನ್ನು ಮಿತವಾಗಿ ಬಳಸುವವರಿದ್ದಾರೆ. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತುವುದರಿಂದ ಸೆರೋಮಾ ತಪ್ಪುತ್ತದೆ ಎಂಬುದು ಹಳೆಯ ನಂಬಿಕೆ. ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ಬೆನ್ನಿನ ಸ್ನಾಯುವನ್ನು ತಿರುಗಿಸಿದವರಲ್ಲಿ ಕಂಕುಳಿನ ಮೇಲೆ ಬಿಗಿಯಾದ ಪಟ್ಟಿ ಬಿದ್ದರೆ ಹೊಸ ಸ್ತನಕ್ಕೆ ರಕ್ತ ಪೂರೈಸುವ ನಾಳವೇ ಅದುಮಿಹೋಗುವ ಅಪಾಯವೂ ಉಂಟು. ಆದ್ದರಿಂದ ಆಸ್ಪತ್ರೆಯಲ್ಲಿ ಹಾಕಿದ ಪಟ್ಟಿಯನ್ನು ಮನೆಯಲ್ಲಿ ಇನ್ನಷ್ಟು ಬಿಗಿಗೊಳಿಸಬಾರದು.

ಡ್ರೈನ್ ನಳಿಕೆಯ ಪಾಲನೆ

ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಚರ್ಮದ ಅಡಿಯಿಂದ ಒಂದು ಅಥವಾ ಹೆಚ್ಚು ರಬ್ಬರಿನಂತಹ ಮೃದು ನಳಿಕೆಗಳನ್ನು ಹೊರತಂದು ಅವುಗಳ ತುದಿಗೆ ಪ್ಲಾಸ್ಟಿಕ್ ಡಬ್ಬಿಯನ್ನು ಜೋಡಿಸಲಾಗುತ್ತದೆ. ಡಬ್ಬಿಯನ್ನು ಒತ್ತಿ ಗಾಳಿ ಹೊರಹಾಕಿ ಮುಚ್ಚಿದಾಗ ಅದು ಮೆಲ್ಲನೆ ಹಿಗ್ಗುತ್ತಾ ಒಳಗಿನ ದ್ರವವನ್ನು ಎಳೆದುಕೊಳ್ಳುತ್ತದೆ. ದ್ರವವನ್ನು ಹೊರಹಾಕುವುದರ ಜೊತೆಗೆ ಈ ಎಳೆತವು ಚರ್ಮವನ್ನು ಒಳಭಾಗಕ್ಕೆ ಒತ್ತಿ ಹಿಡಿಯುತ್ತದೆ. ಡಬ್ಬಿಯು ಪೂರ್ಣವಾಗಿ ಹಿಗ್ಗಿಹೋದರೆ ಎಳೆತ ನಿಂತಂತೆಯೇ ಸರಿ. ಅದು ತುಂಬುವವರೆಗೆ ಕಾಯದೆ, ಅರ್ಧ ತುಂಬಿದಾಗಲೇ ಖಾಲಿ ಮಾಡಿ ಮತ್ತೆ ಒತ್ತಿ ಮುಚ್ಚಬೇಕು.

ನಳಿಕೆ ಇರುವಾಗಲೇ ರೋಗಿಯನ್ನು ಮನೆಗೆ ಕಳುಹಿಸುವುದು ಇಂದು ಸಾಮಾನ್ಯ ಪದ್ಧತಿಯಾಗಿದೆ. 'ನಳಿಕೆ ತೆಗೆದ ಮೇಲೆಯೇ ಮನೆಗೆ ಕರೆದೊಯ್ಯುತ್ತೇವೆ' ಎಂದು ಕುಟುಂಬದವರು ಪಟ್ಟು ಹಿಡಿಯುವುದುಂಟು. ಅವರ ಆತಂಕ ಸಹಜವಾದುದು. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ಹೆಚ್ಚು ದಿನ ಉಳಿದಷ್ಟೂ ಸೋಂಕಿನ ಭಯವಿರುತ್ತದೆ. ಬಿಡುಗಡೆಗೆ ಒಂದು ದಿನ ಮೊದಲು ಮನೆಯ ಒಬ್ಬ ಸದಸ್ಯರು ಶುಶ್ರೂಷಕಿಯ ಎದುರಿನಲ್ಲಿಯೇ ಡಬ್ಬಿಯನ್ನು ಖಾಲಿ ಮಾಡಿ ಕಲಿತುಕೊಳ್ಳುವುದು ಇದಕ್ಕೆ ಪರಿಹಾರ. ನೋಡಿ ಕಲಿತರೆ ಸಾಲದು, ಕೈಯಾರೆ ಮಾಡಿ ತೋರಿಸಬೇಕು.

ಖಾಲಿ ಮಾಡುವ ಮೊದಲು ಮತ್ತು ನಂತರ ಸೋಪಿನಿಂದ ಕೈ ತೊಳೆದುಕೊಳ್ಳತಕ್ಕದ್ದು. ದ್ರವವನ್ನು ಮಿ.ಲೀ. ಗುರುತುಗಳಿರುವ ಅಳತೆ ಲೋಟಕ್ಕೆ ಸುರಿದು ಅಳೆಯಬೇಕು. ಡಬ್ಬಿಯ ಮೇಲಿರುವ ಗೆರೆಗಳು ಒತ್ತಿದ ಸ್ಥಿತಿಯಲ್ಲಿ ಸರಿಯಾದ ಅಳತೆ ತೋರಿಸುವುದಿಲ್ಲ. ಡಬ್ಬಿಯ ಬಾಯಿಯನ್ನು ಬೆರಳಿನಿಂದ ಮುಟ್ಟಬಾರದು, ಒಳಗೆ ನೀರು ಹಾಕಿ ತೊಳೆಯಲೂಬಾರದು. ಅಳೆದ ದ್ರವವನ್ನು ಶೌಚಾಲಯಕ್ಕೆ ಸುರಿಯಬಹುದು.

ನಳಿಕೆಯಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡರೆ ಹರಿವು ನಿಲ್ಲುತ್ತದೆ. ಇದನ್ನು ತಪ್ಪಿಸಲು ದಿನಕ್ಕೆ ಕೆಲವು ಬಾರಿ, ಚರ್ಮದ ಸಮೀಪ ನಳಿಕೆಯನ್ನು ಒಂದು ಕೈಯಿಂದ ಅಲುಗಾಡದಂತೆ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಡಬ್ಬಿಯ ಕಡೆಗೆ ಹಾಲು ಕರೆಯುವಂತೆ ಒತ್ತುತ್ತಾ ಬರಬೇಕು. ಡಬ್ಬಿಯು ಸದಾ ಗಾಯಕ್ಕಿಂತ ಕೆಳಗಿರಬೇಕು. ಬಟ್ಟೆಯ ಸಣ್ಣ ಚೀಲ ಹೊಲಿದು ಅದರಲ್ಲಿ ಡಬ್ಬಿಯನ್ನಿಟ್ಟು ಸೊಂಟದ ಮಟ್ಟದಲ್ಲಿ ತೂಗುಹಾಕಿಕೊಂಡರೆ ಓಡಾಡಲು ಅನುಕೂಲ. ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡರೆ ಸೆರಗು ಜಾರಿದಾಗ ನಳಿಕೆ ಎಳೆದುಕೊಳ್ಳುತ್ತದೆ. ಮುಂಭಾಗದಲ್ಲಿ ಗುಂಡಿಗಳಿರುವ ಸಡಿಲವಾದ ಅಂಗಿ ಅಥವಾ ನೈಟಿ ಈ ದಿನಗಳಿಗೆ ಯೋಗ್ಯ ಉಡುಪು. ಸ್ನಾನದ ಬದಲು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳಬೇಕು. ಸೊಂಟದ ಕೆಳಭಾಗಕ್ಕೆ ನೀರು ಹಾಕಿಕೊಳ್ಳಲು ಅಡ್ಡಿಯಿಲ್ಲ.

ಮೊದಲ ದಿನಗಳಲ್ಲಿ ದ್ರವವು ಕೆಂಪಾಗಿದ್ದು, ಬಳಿಕ ಗುಲಾಬಿ ಬಣ್ಣಕ್ಕೆ, ಕ್ರಮೇಣ ತಿಳಿ ಹಳದಿಗೆ ತಿರುಗುತ್ತದೆ. ಒಂದು ದಿನಕ್ಕೆ 100 ಮಿ.ಲೀ.ಗಿಂತ ಹೆಚ್ಚು ಬರುವುದು ಆರಂಭದಲ್ಲಿ ಅಸಹಜವಲ್ಲ.

ಅಳತೆಯ ಪಟ್ಟಿ ಮತ್ತು ನಳಿಕೆ ತೆಗೆಯುವ ದಿನ

ನಳಿಕೆಯನ್ನು ತೆಗೆಯುವ ದಿನವನ್ನು ಕ್ಯಾಲೆಂಡರ್ ನೋಡಿ ಮಾತ್ರ ನಿರ್ಧರಿಸುವುದಿಲ್ಲ. ಸಾಮಾನ್ಯವಾಗಿ 24 ಗಂಟೆಗಳಲ್ಲಿ ಒಂದು ನಳಿಕೆಯಿಂದ ಬರುವ ದ್ರವವು ಸತತ ಎರಡು ದಿನ 20ರಿಂದ 30 ಮಿ.ಲೀ.ಗಿಂತ ಕಡಿಮೆಯಾದಾಗ ಆ ನಳಿಕೆಯನ್ನು ತೆಗೆಯಲಾಗುತ್ತದೆ. ಆದ್ದರಿಂದ ಪ್ರತಿದಿನ ಒಂದೇ ವೇಳೆಗೆ ಅಳೆದು, ದಿನಾಂಕ, ಪ್ರಮಾಣ ಮತ್ತು ಬಣ್ಣವನ್ನು ಬರೆದಿಡುವುದು ಅವಶ್ಯಕ. ಎರಡು ನಳಿಕೆಗಳಿದ್ದಲ್ಲಿ 1, 2 ಎಂದು ಗುರುತು ಹಾಕಿ ಪ್ರತ್ಯೇಕವಾಗಿ ಬರೆಯಬೇಕು. ಎರಡನ್ನೂ ಕೂಡಿಸಿ ಬರೆದ ಪಟ್ಟಿಯಿಂದ ವೈದ್ಯರಿಗೆ ಉಪಯೋಗವಿಲ್ಲ. ಎದೆಯ ನಳಿಕೆ ಬೇಗ ಒಣಗಿ ಬೆನ್ನಿನದು ಇನ್ನೂ ಒಂದು ವಾರ ಹರಿಯುವುದು ಸಾಮಾನ್ಯ.

ಉದಾಹರಣೆಗೆ, ಬೆನ್ನಿನ ನಳಿಕೆಯ ಪಟ್ಟಿಯಲ್ಲಿ ಕ್ರಮವಾಗಿ 60, 45, 28, 24 ಎಂದಿದ್ದರೆ ನಳಿಕೆಯನ್ನು ತೆಗೆಯುವ ಕಾಲ ಬಂದಿದೆ. 45, 28, 70 ಎಂದಿದ್ದರೆ ಹಿಂದಿನ ದಿನ ರೋಗಿಯು ಏನು ಕೆಲಸ ಮಾಡಿದರೆಂದು ವೈದ್ಯರು ಮೊದಲು ಕೇಳುತ್ತಾರೆ. 45ರಿಂದ ಇದ್ದಕ್ಕಿದ್ದಂತೆ 0ಗೆ ಇಳಿದು ಗಾಯದ ಸುತ್ತ ಊದಿಕೊಂಡಿದ್ದರೆ ದ್ರವ ನಿಂತಿಲ್ಲ, ನಳಿಕೆ ಕಟ್ಟಿಕೊಂಡಿದೆ ಎಂದು ತಿಳಿಯತಕ್ಕದ್ದು.

ನಳಿಕೆಯನ್ನು ಬೇಗ ತೆಗೆದರೆ ದ್ರವ ತುಂಬುತ್ತದೆ. ಬಹಳ ದಿನ ಬಿಟ್ಟರೆ ಅದೇ ನಳಿಕೆಯ ಮಾರ್ಗವಾಗಿ ರೋಗಾಣುಗಳು ಒಳಸೇರುತ್ತವೆ. ಹೀಗಾಗಿ ಅಳತೆ ಇಳಿಯದಿದ್ದರೂ ಎರಡು ಮೂರು ವಾರಗಳಾದ ನಂತರ, ಅದರಲ್ಲೂ ಒಳಗೆ ಇಂಪ್ಲಾಂಟ್ ಇರುವಾಗ, ವೈದ್ಯರು ನಳಿಕೆಯನ್ನು ತೆಗೆಯಲು ನಿರ್ಧರಿಸಬಹುದು. ಪ್ರಯಾಣದ ಅನುಕೂಲಕ್ಕಾಗಿ ಊರಿನಲ್ಲಿಯೇ ಯಾರಿಂದಲಾದರೂ ನಳಿಕೆ ತೆಗೆಸಿಕೊಳ್ಳುವುದು ಸರಿಯಲ್ಲ. ಊರು ದೂರವಿದ್ದಲ್ಲಿ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಕರಿಂದ ತೆಗೆಸಬಹುದೇ ಎಂದು ಬಿಡುಗಡೆಯ ದಿನವೇ ಕೇಳಿ, ಬಿಡುಗಡೆ ಪತ್ರದಲ್ಲಿ ಬರೆಯಿಸಿಕೊಳ್ಳುವುದು ಸೂಕ್ತ.

ತೋಳಿನ ಚಲನೆ ಮತ್ತು ಮನೆಗೆಲಸ

ಭುಜದ ವ್ಯಾಯಾಮಗಳನ್ನು ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಜೋರಾಗಿ ಪ್ರಾರಂಭಿಸಿದವರಲ್ಲಿ ದ್ರವ ಹೆಚ್ಚಾಗುತ್ತದೆ ಎಂದೂ, ಕೆಲವು ದಿನ ತಡೆದು ಪ್ರಾರಂಭಿಸಿದವರಲ್ಲಿ ಕಡಿಮೆ ಎಂದೂ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಕಂಡುಬಂದಿದೆ. ಹಾಗೆಂದು ತೋಳನ್ನು ಎದೆಗೆ ಅವುಚಿಕೊಂಡು ಅಲುಗಾಡಿಸದೆ ಇರುವುದೂ ತಪ್ಪು. ಭುಜ ಬಿಗಿದುಕೊಂಡರೆ ವಿಕಿರಣ ಚಿಕಿತ್ಸೆಯ ಸಮಯದಲ್ಲಿ ತೋಳನ್ನು ತಲೆಯ ಮೇಲಕ್ಕೆತ್ತಿ ಮಲಗಲು ಸಾಧ್ಯವಾಗುವುದಿಲ್ಲ.

ಬೆರಳು, ಮಣಿಕಟ್ಟು ಮತ್ತು ಮೊಣಕೈಗಳ ಚಲನೆಯನ್ನು ಮೊದಲ ದಿನದಿಂದಲೇ ಮಾಡಬಹುದು. ಊಟ ಮಾಡುವುದು, ಹಲ್ಲುಜ್ಜುವುದು, ಮುಖ ತೊಳೆಯುವುದು ಇವುಗಳಿಗೆ ಅಡ್ಡಿಯಿಲ್ಲ. ಮೊದಲ ಒಂದು ವಾರ, ಅಥವಾ ವೈದ್ಯರು ಸೂಚಿಸಿದಲ್ಲಿ ನಳಿಕೆ ತೆಗೆಯುವವರೆಗೆ, ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆತ್ತಬಾರದು. ತಲೆ ಬಾಚಿ ಜಡೆ ಹಾಕುವುದು, ಹಗ್ಗದ ಮೇಲೆ ಬಟ್ಟೆ ಒಣಹಾಕುವುದು, ಅಟ್ಟದಿಂದ ಡಬ್ಬ ಇಳಿಸುವುದು ಇವೆಲ್ಲವೂ ಭುಜದ ಮಟ್ಟವನ್ನು ಮೀರಿದ ಕೆಲಸಗಳೇ. ನಂತರ ಭೌತಚಿಕಿತ್ಸಕರ ಸಲಹೆಯಂತೆ ದಿನೇ ದಿನೇ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿಕೊಂಡು ಹೋಗಬೇಕು.

'ಭಾರ ಎತ್ತಬೇಡಿ' ಎಂದು ವೈದ್ಯರು ಹೇಳಿದಾಗ ಅದನ್ನು ಸಿಮೆಂಟಿನ ಮೂಟೆ, ಅಕ್ಕಿಯ ಚೀಲಗಳಿಗೆ ಮಾತ್ರ ಅನ್ವಯಿಸಿಕೊಂಡು, ಮನೆಗೆಲಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಅನೇಕರು. ತುಂಬಿದ ಒಂದು ಕೊಡ ನೀರು 10 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಎರಡು ವರ್ಷದ ಮಗುವೂ ಹಾಗೆಯೇ. ಮೊದಲ ವಾರಗಳಲ್ಲಿ ಶಸ್ತ್ರಚಿಕಿತ್ಸೆಯಾದ ಬದಿಯ ಕೈಯಿಂದ ಒಂದೆರಡು ಕಿಲೋಗ್ರಾಂಗಿಂತ ಹೆಚ್ಚಿನದನ್ನು ಎತ್ತದಿರುವುದು ಕ್ಷೇಮ. ಭಾರದ ಕೆಲಸಗಳಿಗೆ ಮರಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಹೊಟ್ಟೆಯ ಅಂಗಾಂಶ ಬಳಸಿದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ಬೆನ್ನಿನ ಸ್ನಾಯುವನ್ನು ಬಳಸಿದವರು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ತೋಳನ್ನು ಮೇಲಿನಿಂದ ಕೆಳಕ್ಕೆ ಮತ್ತು ಹಿಂದಕ್ಕೆ ಎಳೆಯುವುದೇ ಆ ಸ್ನಾಯುವಿನ ಕೆಲಸ. ಬಾವಿಯಿಂದ ನೀರು ಸೇದುವುದು, ಬಟ್ಟೆ ಒಗೆಯುವುದು, ನೆಲಕ್ಕೆ ಕೈಯೂರಿ ಮೇಲೇಳುವುದು ಇವುಗಳಲ್ಲಿ ಅದೇ ಭಾಗ ದುಡಿಯುತ್ತದೆ. ಜೋಳದ ರೊಟ್ಟಿ ತಟ್ಟುವಾಗ ಭಾರವಿಲ್ಲದಿದ್ದರೂ ಭುಜವು ನೂರಾರು ಬಾರಿ ಅಲುಗುತ್ತದೆ. ಹಾಸಿಗೆಯಿಂದ ಏಳುವಾಗ ಇನ್ನೊಂದು ಬದಿಗೆ ಹೊರಳಿ, ಆ ಕೈಯನ್ನು ಊರಿ ಏಳುವ ಅಭ್ಯಾಸವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಕೊಳ್ಳಬಹುದು. ಚಾಪೆಗಿಂತ ಮಂಚದ ಮೇಲೆ ಮಲಗುವುದು ಅನುಕೂಲ.

ಕುಟುಂಬದ ಇತರ ಸದಸ್ಯರು ಈ ಕೆಲಸಗಳನ್ನು ಹಂಚಿಕೊಳ್ಳದಿದ್ದಲ್ಲಿ ಮೇಲಿನ ಸೂಚನೆಗಳಿಗೆ ಅರ್ಥವಿಲ್ಲ. ಬಿಡುಗಡೆಯ ಸಲಹೆ ನೀಡುವಾಗ ಗಂಡ, ಅತ್ತೆ ಅಥವಾ ಮಕ್ಕಳು ಹಾಜರಿರುವಂತೆ ನೋಡಿಕೊಳ್ಳುವುದು ಅಪೇಕ್ಷಣೀಯ.

ಪಥ್ಯ ಮತ್ತು ಮನೆಮದ್ದು

ಶಸ್ತ್ರಚಿಕಿತ್ಸೆಯಾದವರಿಗೆ ಬೇಳೆ, ಮೊಟ್ಟೆ, ಮೀನು, ಬದನೆಕಾಯಿ ಮೊದಲಾದವು ನಂಜು. ತಿಂದರೆ ಗಾಯ ಕೀವಾಗುತ್ತದೆ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಬಲವಾಗಿದೆ. ಈ ನಂಬಿಕೆಯಿಂದ ರೋಗಿಗೆ ವಾರಗಟ್ಟಲೆ ಗಂಜಿ, ಮೆಣಸಿನ ಸಾರು ಮಾತ್ರ ಕೊಡಲಾಗುತ್ತದೆ. ಗಾಯ ಮಾಯಲು ಹಾಗೂ ಒಸರಿಹೋದ ದ್ರವದೊಂದಿಗೆ ನಷ್ಟವಾದ ಪ್ರೋಟೀನನ್ನು ತುಂಬಲು ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆಗಳೇ ಬೇಕು. ನೀರು ಕುಡಿದರೆ ಗಾಯದಲ್ಲಿ ನೀರು ಹೆಚ್ಚುತ್ತದೆ ಎಂಬುದಕ್ಕೂ ಆಧಾರವಿಲ್ಲ. ಬಾಯಾರಿಕೆಯಾದಾಗ ಧಾರಾಳವಾಗಿ ನೀರು ಕೊಡಬಹುದು.

ಊದಿದ ಭಾಗಕ್ಕೆ ಬಿಸಿನೀರಿನ ಚೀಲದಿಂದ ಶಾಖ ಕೊಡುವುದು ಅಪಾಯಕಾರಿ. ಶಸ್ತ್ರಚಿಕಿತ್ಸೆಯ ನಂತರ ಆ ಭಾಗದ ಚರ್ಮಕ್ಕೆ ಸ್ಪರ್ಶಜ್ಞಾನ ಬಹುಮಟ್ಟಿಗೆ ಇಲ್ಲದಿರುವುದರಿಂದ ಸುಡುತ್ತಿರುವುದು ರೋಗಿಗೆ ತಿಳಿಯುವುದೇ ಇಲ್ಲ. ಬೊಬ್ಬೆಗಳೆದ್ದ ಮೇಲೆಯೇ ಗೊತ್ತಾಗುತ್ತದೆ. ಎಣ್ಣೆ ತಿಕ್ಕುವುದು, ಅರಿಶಿನ ಅಥವಾ ಬೇವಿನ ಲೇಪ ಹಚ್ಚುವುದು, ಔಷಧಿ ಅಂಗಡಿಯಿಂದ ಸ್ವತಃ ಆಂಟಿಬಯೋಟಿಕ್ ಗುಳಿಗೆ ತಂದು ನುಂಗುವುದು ಇವು ಯಾವುವೂ ಸೆರೋಮಾವನ್ನು ತಡೆಯುವುದಿಲ್ಲ.

ನಳಿಕೆ ತೆಗೆದ ನಂತರ ಊತ ಕಂಡುಬಂದರೆ

ಎಲ್ಲ ಎಚ್ಚರಿಕೆಗಳನ್ನು ವಹಿಸಿದರೂ ಕೆಲವರಲ್ಲಿ ನಳಿಕೆ ತೆಗೆದ ನಂತರ ಊತ ಕಾಣಿಸಿಕೊಳ್ಳುತ್ತದೆ. ಇದಕ್ಕಾಗಿ ರೋಗಿಯಾಗಲಿ ಮನೆಯವರಾಗಲಿ ತಮ್ಮನ್ನು ದೂಷಿಸಿಕೊಳ್ಳಬೇಕಿಲ್ಲ. ಎದೆ, ಕಂಕುಳು ಅಥವಾ ಬೆನ್ನು ಭಾರವೆನಿಸುವುದು, ಮಗ್ಗುಲು ಬದಲಿಸಿದಾಗ ಒಳಗೆ ನೀರು ಕುಲುಕಿದಂತಾಗುವುದು, ಒತ್ತಿದರೆ ಮೆತ್ತಗೆ ಅಲೆಯಂತೆ ಸರಿಯುವುದು ಇದರ ಲಕ್ಷಣಗಳು. ಇಡೀ ಕೈ ಊದಿಕೊಳ್ಳುವುದು ಸೆರೋಮಾ ಅಲ್ಲ. ಅದು ದುಗ್ಧರಸದ ಹರಿವಿಗೆ ಸಂಬಂಧಿಸಿದ ಬೇರೆ ತೊಂದರೆಯಾಗಿದ್ದು, ಅದಕ್ಕೆ ಚಿಕಿತ್ಸೆಯೂ ಬೇರೆ.

ಊತ ಚಿಕ್ಕದಿದ್ದು ನೋವಿಲ್ಲದಿದ್ದರೆ ವೈದ್ಯರು ಕಾದು ನೋಡುತ್ತಾರೆ. ದೊಡ್ಡದಿದ್ದರೆ ಹೊರರೋಗಿ ವಿಭಾಗದಲ್ಲಿಯೇ ಸೂಜಿಯಿಂದ ದ್ರವವನ್ನು ಹೊರತೆಗೆಯಲಾಗುತ್ತದೆ. ಚರ್ಮ ಮರಗಟ್ಟಿರುವುದರಿಂದ ಇದರಲ್ಲಿ ಹೆಚ್ಚು ನೋವಾಗುವುದಿಲ್ಲ. ಕೆಲವು ದಿನಗಳಲ್ಲಿ ಮತ್ತೆ ತುಂಬಿದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಪ್ರತಿ ಬಾರಿಯೂ ಪ್ರಮಾಣ ಇಳಿಯುತ್ತಿದ್ದರೆ ಗಾಯ ಸರಿದಾರಿಯಲ್ಲಿದೆ ಎಂದರ್ಥ. ಇಂಪ್ಲಾಂಟ್ ಅಥವಾ ಹಿಗ್ಗಿಸುವ ಚೀಲ ಇರುವವರಲ್ಲಿ ಸೂಜಿ ತಗುಲಿ ಅದು ತೂತಾಗುವ ಅಪಾಯವಿದೆ. ಅಂತಹವರು ಶಸ್ತ್ರಚಿಕಿತ್ಸೆ ಮಾಡಿದ ತಂಡದ ಹೊರತು ಬೇರೆಯವರಿಂದ ಸೂಜಿ ಹಾಕಿಸಿಕೊಳ್ಳಬಾರದು. ಅಲ್ಟ್ರಾಸೌಂಡ್ ನೋಡುತ್ತಾ ತೆಗೆಯುವುದು ಸುರಕ್ಷಿತ.

ಈ ಕೆಳಗಿನ ಸಂದರ್ಭಗಳಲ್ಲಿ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಬರತಕ್ಕದ್ದು: ಡಬ್ಬಿಯಲ್ಲಿ ಕಡು ಕೆಂಪು ರಕ್ತ ವೇಗವಾಗಿ ತುಂಬುತ್ತಿದ್ದರೆ, ಜ್ವರ, ಚಳಿ ಬಂದರೆ, ಗಾಯದ ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ, ದ್ರವವು ಕದಡಿದಂತಿದ್ದು ದುರ್ವಾಸನೆ ಬರುತ್ತಿದ್ದರೆ, ಹೊಸದಾಗಿ ರೂಪಿಸಿದ ಸ್ತನದ ಚರ್ಮ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತಿದ್ದರೆ, ಹೊಲಿಗೆ ಬಿಚ್ಚಿಕೊಂಡು ದ್ರವ ಹೊರಹರಿದರೆ, ನಳಿಕೆ ತಾನಾಗಿ ಹೊರಬಂದರೆ. ಹೊರಬಂದ ನಳಿಕೆಯನ್ನು ಮತ್ತೆ ಒಳತೂರಿಸಲು ಯತ್ನಿಸಬಾರದು. ಶುಭ್ರವಾದ ಬಟ್ಟೆಯಿಂದ ಆ ಜಾಗವನ್ನು ಮುಚ್ಚಿಕೊಂಡು ಬರಬೇಕು.

ಮರುಭೇಟಿಗೆ ಲಭ್ಯವಿರುವ ಸೌಲಭ್ಯಗಳು

ನಳಿಕೆಯ ಪರಿಶೀಲನೆಗೆಂದು ಎರಡು ಮೂರು ಬಾರಿ ಆಸ್ಪತ್ರೆಗೆ ಬರಬೇಕಾಗುವುದರಿಂದ ಪ್ರಯಾಣದ ವೆಚ್ಚಕ್ಕೆ ಅಂಜಿ ಮರುಭೇಟಿಯನ್ನು ತಪ್ಪಿಸುವವರಿದ್ದಾರೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ರಾಜ್ಯದೊಳಗೆ ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಚಿಕಿತ್ಸೆ ಅಥವಾ ತಪಾಸಣೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗಳಿಗೆ ಭಾರತೀಯ ರೈಲ್ವೆಯ ಪ್ರಯಾಣ ದರದಲ್ಲಿ ರಿಯಾಯಿತಿ ಇದ್ದು, ಇದಕ್ಕಾಗಿ ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಪಡೆಯಬೇಕು. ಪ್ರಯಾಣದಲ್ಲಿ ಡಬ್ಬಿಯನ್ನು ಹೊರಡುವ ಮುನ್ನ ಖಾಲಿ ಮಾಡಿ, ಅಳತೆ ಲೋಟವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಪುನರ್‌ರಚನೆಗೆ ದಾಖಲಾಗುವ ಮೊದಲು ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಭೇಟಿ ಮಾಡಿ, ಯಾವ ವಿಧಾನಕ್ಕೆ ಅನುಮೋದನೆ ದೊರೆಯುತ್ತದೆ ಮತ್ತು ನಳಿಕೆಯ ಪರಿಶೀಲನೆ, ಸೂಜಿಯಿಂದ ದ್ರವ ತೆಗೆಯುವುದು ಇವು ಅದರಲ್ಲಿ ಸೇರಿವೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರಬೇಕು. ಮರುಭೇಟಿಗೆ ಬರುವಾಗ ಬಿಡುಗಡೆ ಪತ್ರ ಹಾಗೂ ನಳಿಕೆಯ ಅಳತೆ ಪಟ್ಟಿಯನ್ನು ಮರೆಯಬಾರದು.

ವರ್ಷಗಳ ನಂತರ ಕಾಣುವ ಊತ

ಇಂಪ್ಲಾಂಟ್ ಇಟ್ಟು ಒಂದು ವರ್ಷ ಕಳೆದ ಮೇಲೆ, ಯಾವುದೇ ಪೆಟ್ಟು ಬೀಳದೆ, ಸ್ತನದ ಸುತ್ತ ಹೊಸದಾಗಿ ದ್ರವ ತುಂಬಿಕೊಂಡರೆ ಅದನ್ನು ಮೇಲೆ ವಿವರಿಸಿದ ಸೆರೋಮಾದಂತೆ ಪರಿಗಣಿಸುವಂತಿಲ್ಲ. ಒರಟು ಮೇಲ್ಮೈಯುಳ್ಳ ಇಂಪ್ಲಾಂಟ್‌ಗಳ ಸುತ್ತ ಅಪರೂಪವಾಗಿ ದುಗ್ಧರಸ ವ್ಯವಸ್ಥೆಯ ಒಂದು ಬಗೆಯ ಕ್ಯಾನ್ಸರ್ ಉಂಟಾಗುವುದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿ ಸಾರ್ವಜನಿಕರ ಗಮನಕ್ಕೆ ತಂದಿತು. 2019ರ ಜುಲೈನಲ್ಲಿ ಅದರ ಕೋರಿಕೆಯ ಮೇರೆಗೆ ಅಲರ್ಗನ್ ಕಂಪನಿಯು ತನ್ನ ಬಯೋಸೆಲ್ ಹೆಸರಿನ ಒರಟು ಇಂಪ್ಲಾಂಟ್‌ಗಳನ್ನು ವಿಶ್ವದಾದ್ಯಂತ ಹಿಂಪಡೆಯಿತು. ತಡವಾಗಿ ಕಾಣಿಸಿಕೊಳ್ಳುವ ಊತವೇ ಈ ರೋಗದ ಸಾಮಾನ್ಯ ಲಕ್ಷಣ. ಬೇಗ ಪತ್ತೆಯಾದಲ್ಲಿ ಇಂಪ್ಲಾಂಟ್ ಮತ್ತು ಅದರ ಸುತ್ತಲಿನ ಪೊರೆಯನ್ನು ತೆಗೆಯುವುದರಿಂದ ಬಹುತೇಕರು ಗುಣಮುಖರಾಗುತ್ತಾರೆ. ಅಂತಹ ಊತದಿಂದ ತೆಗೆದ ದ್ರವವನ್ನು ಚೆಲ್ಲದೆ ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಬೇಕಾಗುತ್ತದೆ.

ಯಾವುದೇ ಲಕ್ಷಣಗಳಿಲ್ಲದವರು ಕೇವಲ ಭಯದಿಂದ ಇಂಪ್ಲಾಂಟ್ ತೆಗೆಸಿಕೊಳ್ಳಬೇಕೆಂಬ ಸಲಹೆಯನ್ನು ಆ ಸಂಸ್ಥೆಯು ನೀಡಿಲ್ಲ. ಆದರೆ ತಮ್ಮ ದೇಹದಲ್ಲಿರುವುದು ಯಾವ ಕಂಪನಿಯ, ಯಾವ ಬಗೆಯ ಇಂಪ್ಲಾಂಟ್ ಎಂಬುದು ಪ್ರತಿಯೊಬ್ಬರಿಗೂ ತಿಳಿದಿರಬೇಕು. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯು ನೀಡುವ ಇಂಪ್ಲಾಂಟ್ ಗುರುತಿನ ಚೀಟಿಯಲ್ಲಿ ಈ ವಿವರಗಳು ಹಾಗೂ ಕ್ರಮಸಂಖ್ಯೆ ಇರುತ್ತವೆ. ಚೀಟಿ ನೀಡದಿದ್ದಲ್ಲಿ ಕೇಳಿ ಪಡೆಯತಕ್ಕದ್ದು ಮತ್ತು ಅದನ್ನು ಪಡಿತರ ಚೀಟಿ, ಆಧಾರ್ ಮೊದಲಾದ ಕಾಗದಪತ್ರಗಳೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.